ಒಡಪಿಲ್ಲದ ಹೆಸರು

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಶೇಖವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಕರೆಯುವುದಾದರೆ ‘ಏನ್ರೀ’, ಬೇರೆಯವರ ಮುಂದೆ ‘ಇವರು’, ಸಿಟ್ಟು ಬಂದಾಗ ಒಲೆಯ ಮೇಲೆ ಕುಕ್ಕಿದ ಪಾತ್ರೆ. ಹೇಳಲೇಬೇಕಾದ ಪ್ರಸಂಗ ಬಂದರೆ ಅದಕ್ಕೆ ಒಡಪು ಇತ್ತು. ಬಾಗಲಕೋಟೆ ಕಡೆಯ ಹೆಂಗಸರು ಹಾಗೇ: ಎರಡು ಸಾಲಿನ ಪ್ರಾಸ ಕಟ್ಟಿ, ಹೋಳಿಗೆಯೊಳಗಿನ ಹೂರಣದ ಹಾಗೆ ಹೆಸರನ್ನು ಅದರೊಳಗೆ ಮುಚ್ಚಿಟ್ಟು ಹೇಳುತ್ತಾರೆ. ಬರಿಯ ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವಳ ಅವ್ವ ಹೇಳಿದ್ದಳು. ಶೇಖವ್ವ ಅದನ್ನು ನಂಬಿದ್ದಳೋ ಇಲ್ಲವೋ, ಪರೀಕ್ಷೆ ಮಾಡಿ ನೋಡುವ ಗೋಜಿಗಂತೂ ಹೋಗಿರಲಿಲ್ಲ. ಇರುವವನು ಒಬ್ಬನೇ ಗಂಡ.

ಅಂಥವಳು ಆ ಹೆಸರನ್ನು ಫೋನಿನಲ್ಲಿ ಹೇಳಿ ಸಾಲ ತೆಗೆದುಕೊಂಡಿದ್ದಾಳೆ ಎಂದು ಬೆಂಗಳೂರಿನ ಮಾರತ್ತಹಳ್ಳಿಯ ಒಂದು ಫೈನಾನ್ಸ್ ಕಂಪನಿ ಸಾಧಿಸುತ್ತಿತ್ತು.

ನಡೆದದ್ದು ಇಷ್ಟು. ಹೋದ ವರ್ಷ ಆ ಕಂಪನಿಯ ಏಜೆಂಟನೊಬ್ಬ ಕಾಡುಗೋಡಿಯ ಅವರ ಓಣಿಗೆ ಬಂದು, ಆಧಾರ್ ಕಾರ್ಡ್ ಒಂದಿದ್ದರೆ ಸಾಕು, ಪರ್ಸನಲ್ ಲೋನ್ ಕೊಡಿಸುತ್ತೇನೆ ಎಂದಿದ್ದ. ಶೇಖವ್ವ ಕಾರ್ಡ್ ಕೊಟ್ಟಳು. ಮರುದಿನ ಫೋನ್ ಬಂತು. ಸಾಲಕ್ಕೆ ಒಪ್ಪಿಗೆ ಖಾತ್ರಿಯಾಗಬೇಕಾದರೆ ಗಂಡನ ಹೆಸರು ಹೇಳಿ ಎಂದಿತು ಆ ಕಡೆಯ ದನಿ. ಅವಳು ಸೆರಗು ಸರಿಮಾಡಿಕೊಂಡು ಒಡಪು ಶುರು ಮಾಡುವಷ್ಟರಲ್ಲಿ ಲೈನ್ ಕಟ್ಟಾಯಿತು. ಏಜೆಂಟ್ ಮತ್ತೆ ಮುಖ ತೋರಿಸಲಿಲ್ಲ. ಬಾರದ ಸಾಲಕ್ಕೆ ತೀರಿಸುವ ಚಿಂತೆಯೂ ಇಲ್ಲ ಎಂದುಕೊಂಡು ಅವಳು ಅಪಾರ್ಟ್‌ಮೆಂಟುಗಳಿಗೆ ಜೋಳದ ರೊಟ್ಟಿ ತಟ್ಟಿಕೊಡುವ ಕೆಲಸದಲ್ಲಿ ಮುಳುಗಿಬಿಟ್ಟಳು.

ಈಗ ನೆರೆಮನೆಯ ಗೌರಮ್ಮನ ಜೊತೆ ಸೇರಿ ಮೆಟ್ರೋ ಸ್ಟೇಷನ್ ಹತ್ತಿರ ಒಂದು ಪುಟ್ಟ ಅಂಗಡಿ ನೋಡಿದ್ದಳು. ‘ಶೇಖವ್ವನ ರೊಟ್ಟಿ’ ಎಂಬ ಬೋರ್ಡು ಅವಳ ಕಣ್ಣ ಮುಂದೆ ಆಗಲೇ ತೂಗಾಡುತ್ತಿತ್ತು. ಅಡ್ವಾನ್ಸ್ ಸೋಮವಾರದೊಳಗೆ ಕೊಡದಿದ್ದರೆ ಅಂಗಡಿ ಮೊಮೊ ಮಾರುವವನ ಪಾಲು. ಕೂಡಿಟ್ಟ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದರೆ, ಸಾಲ ಬಾಕಿ ಇದೆಯೆಂದು ಫೈನಾನ್ಸಿನವರು ಖಾತೆಗೆ ತಡೆ ಹಾಕಿಸಿದ್ದರು.

ಹಾಗಾಗಿ ಶನಿವಾರ ಶೇಖವ್ವ, ಗೌರಮ್ಮ, ಮತ್ತು ಹೆಸರಿನ ಒಡೆಯನಾದ ಗಂಡ, ಮೂವರೂ ಬಸ್ಸು ಹತ್ತಿ ಆ ಕಂಪನಿಯ ಮೂರನೇ ಮಹಡಿಯ ಆಫೀಸಿಗೆ ಬಂದರು. ತಕರಾರು ವಿಭಾಗದಲ್ಲಿ ಅಮರೇಶ್ ಎಂಬ ಅಧಿಕಾರಿ ಕೂತಿದ್ದ. ದಾವಣಗೆರೆಯವನು, ಹಣೆಯ ಮೇಲೆ ತೆಳ್ಳಗೆ ವಿಭೂತಿ.

“ನಾ ಸಾಲಾ ತಗೊಂಡಿಲ್ರಿ ಸಾಹೇಬ್ರ. ಹೆಸರು ಹೇಳೂದ್ರಾಗ ಫೋನ್ ಕಟ್ಟಾತು.”

“ರೆಕಾರ್ಡಿಂಗ್ ಐತಲ್ಲಮ್ಮ,” ಎಂದು ಅಮರೇಶ್ ಕಂಪ್ಯೂಟರಿನ ಗುಂಡಿ ಒತ್ತಿದ.

‘ಗಂಡನ ಹೆಸರು?’ ಎಂದಿತು ಒಂದು ಗಂಡುದನಿ. ‘ಬಸಲಿಂಗ,’ ಎಂದಿತು ಹೆಣ್ಣುದನಿ. ‘ಸಾಲಕ್ಕೆ ಒಪ್ಪಿಗೆಯೇ?’ ‘ಹೂಂ.’

ಸಾಲದ ಮಾತು ಆ ಗಳಿಗೆ ಶೇಖವ್ವನ ತಲೆಯಿಂದಲೇ ಹಾರಿಹೋಯಿತು. ಯಾರವಳು? ಅಂಗಡಿಯಲ್ಲಿ ಸಾಬೂನು ಕೇಳಿದ ಹಾಗೆ ಬಸಲಿಂಗ ಎಂದಳಲ್ಲ! ತಾನು ಟ್ರಂಕಿನ ತಳದಲ್ಲಿ ಮಡಿಸಿಟ್ಟು, ಉಡದೆ ಕಾಪಾಡಿಕೊಂಡು ಬಂದ ಸೀರೆಯನ್ನು ಇನ್ನೊಬ್ಬಳು ಸುತ್ತಿಕೊಂಡು ಸಂತೆಗೆ ಹೋಗಿ ಬಂದ ಹಾಗಾಯಿತು. ಅವಳು ತಿರುಗಿ ಗಂಡನನ್ನು ನೋಡಿದ ರೀತಿಗೆ ಅವನು ಕುರ್ಚಿಯಲ್ಲೇ ಕುಗ್ಗಿದ.

“ನನ್ನ ಯಾಕ ನೋಡ್ತಿ? ಆಕಿ ಯಾರಂತ ನನಗೇನ್ ಗೊತ್ತು!”

“ಸಾರ್, ಈವಮ್ಮ ಗಂಡನ್ ಹೆಸರು ಹೇಳೋಳೇ ಅಲ್ಲ,” ಗೌರಮ್ಮ ಮುಂದೆ ಬಂದಳು. “ಪಲ್ಸ್ ಪೋಲಿಯೋದವ್ರು ಬಂದ್ರೂ ನಾನೇ ಯೋಳ್ತೀನಿ. ಇಡೀ ಓಣಿ ಸಾಕ್ಷಿ ಐತೆ.”

“ಕೇಳಿದವ್ರು ಸಾಕ್ಷಿ ಹೇಳಬಹುದು. ಕೇಳದೇ ಇದ್ದೋರು ಹೆಂಗೆ ಸಾಕ್ಷಿ ಹೇಳ್ತಾರ್ರೀ?” ಅಮರೇಶನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಅವನಿಗೆ ಅದು ಸಮಸ್ಯೆಯಾಗಿತ್ತು. “ನೋಡಮ್ಮ, ದಾರಿ ಒಂದೇ. ಈ ಮಷಿನ್ ಮುಂದೆ ಅದೇ ಹೆಸರು ನೀವು ಹೇಳ್ರಿ. ದನಿ ಬೇರೆ ಅಂತ ಇದು ಹೇಳಿದ್ರೆ ಸಾಲ ನಿಮ್ದಲ್ಲ. ಈಗ್ಲೇ ತಡೆ ತೆಗಿತೀನಿ.”

ಅಂದರೆ, ತಾನು ಹೆಸರು ಹೇಳಿಲ್ಲ ಎಂದು ತೋರಿಸಲು ಹೆಸರು ಹೇಳಬೇಕು. ಶೇಖವ್ವ ಗಂಟಲು ಸರಿಮಾಡಿಕೊಂಡು, ತಟ್ಟೆಯಂಥ ಆ ಯಂತ್ರಕ್ಕೆ ಮರ್ಯಾದೆಯಿಂದ ಬಾಗಿ,

“ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ ಚಂದ,
ಬಸಲಿಂಗಪ್ಪ ಬರೂ ದಾರಿ ನೋಡೂದ ಆನಂದ,” ಎಂದಳು.

ಬಸಲಿಂಗ ನಾಚಿ ನೆಲ ನೋಡಿದ. ‘ಉತ್ತರ ಉದ್ದವಾಯಿತು,’ ಎಂದಿತು ಯಂತ್ರ. ‘ಒಂದೇ ಪದದಲ್ಲಿ ಹೇಳಿ.’

“ನಮ್ಮ ಅಮ್ಮನೂ ಹಿಂಗೇ,” ಅಮರೇಶ್ ಮೆಲ್ಲಗೆ ಅಂದ. “ಒಡಪು ಬಹಳ ಚಲೋ ಐತಿ. ಆದ್ರೆ ಸಿಸ್ಟಮ್‌ಗೆ ಪ್ರಾಸ ಆಗಿಬರಲ್ಲ.”

“ಒಮ್ಮೆ ಅಂದಬಿಡು,” ಎಂದ ಬಸಲಿಂಗ. “ನಾ ಏನ್ ಸಾಯಂಗಿಲ್ಲ.”

“ನೀವು ಸುಮ್ನ ಕೂಡ್ರಿ. ಸತ್ತಮ್ಯಾಲ ಯಾರಿಗೆ ಕೇಳ್ಲಿ?”

ಅಮರೇಶ್ ಅವರನ್ನು ಹೊರಗಿನ ಧ್ವನಿ ಕೌಂಟರಿಗೆ ಕಳಿಸಿದ. ಅಲ್ಲಿ ಟ್ರೈನಿಂಗ್ ಆದ ಹುಡುಗಿ ಇದ್ದಾಳೆ, ನಾಚಿಕೊಳ್ಳುವ ಹೆಂಗಸರಿಂದ ಹೇಗೋ ಹೇಳಿಸುತ್ತಾಳೆ ಎಂದ. ಅವರು ಬೆಂಚಿನ ಮೇಲೆ ಕೂತು ಕಾಯುತ್ತಿದ್ದಾಗ ಮೈಕಿನಲ್ಲಿ ಕರೆ ಬಂತು: “ಶೇಖವ್ವ, ಕಾಡುಗೋಡಿ, ಗಂಡ ಬಸಲಿಂಗ!”

ಶೇಖವ್ವ ಎದ್ದು ನಿಂತಳು. ಅದೇ ದನಿ. ಅದೇ ಸಾಬೂನು.

ಕೌಂಟರಿನ ಹಿಂದೆ ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರದಂಥ ಹುಡುಗಿ ಕೂತಿದ್ದಳು. ಕೊರಳಿನ ಪಟ್ಟಿಯಲ್ಲಿ ‘ಕಾವ್ಯಾ’ ಎಂದಿತ್ತು. ಶೇಖವ್ವ ಅವಳೆದುರು ನಿಂತು ಸಮಾಧಾನವಾಗಿಯೇ ಕೇಳಿದಳು: “ಇನ್ನೊಮ್ಮೆ ಅನ್ನವಾ.”

“ಏನು ಆಂಟಿ?”

“ನನ್ನ ಗಂಡನ ಹೆಸರು.”

“ಬಸಲಿಂಗ,” ಎಂದ ಹುಡುಗಿ ಎದುರಿನ ಮುಖ ನೋಡಿದಳು. ಅದರ ಹಿಂದಿದ್ದ ಗೌರಮ್ಮನ ಮುಖವನ್ನೂ ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

“ಟಾರ್ಗೆಟ್ ಇತ್ತು ಆಂಟಿ. ನಿಮ್ಮ ಕಡೆ ಲೇಡೀಸ್ ಯಾರೂ ಹೆಸರು ಹೇಳ್ತಿರ್ಲಿಲ್ಲ, ಕಾಲ್ ಎಲ್ಲಾ ಫೇಲ್ ಆಗ್ತಿತ್ತು. ಆ ಏಜೆಂಟ್ ಬಂದು, ಅವ್ರು ಒಪ್ಪಿದಾರೆ, ನಾಚ್ಕೊತಿದಾರೆ ಅಷ್ಟೆ, ನೀನೇ ಹೇಳ್ಬಿಡು ಅಂದ. ಹೇಳ್ಬಿಟ್ಟೆ. ದುಡ್ಡು ಅವ್ನೇ ಎತ್ಕೊಂಡು ಓಡೋಗ್ತಾನೆ ಅಂತ ಗೊತ್ತಿರ್ಲಿಲ್ಲ ಕಣ್ರೀ.” ಅವಳು ಮೂಗು ಒರೆಸಿಕೊಂಡಳು. “ರೆಕಾರ್ಡ್ ಪ್ರಕಾರ ನಾನು ನಲವತ್ತು ಜನರ ಹೆಂಡ್ತಿ ಆಂಟಿ. ಮನೇಲಿ ನಂಗೆ ಇನ್ನೂ ಗಂಡು ಹುಡುಕ್ತಿದಾರೆ.”

ಗೌರಮ್ಮ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಗದ್ದಲ ಕೇಳಿ ಅಮರೇಶ್ ಹೊರಗೆ ಬಂದ. ವಿಷಯ ತಿಳಿದು ಹಣೆ ಒತ್ತಿಕೊಂಡ. “ಇವಳು ಅತ್ತಿದ್ದನ್ನ ಸಿಸ್ಟಮ್ ತಗೊಳ್ಳಲ್ಲ. ತಡಿ, ಇವಳ ದನೀನೇ ಕೊಟ್ಟು ನೋಡಾಣ.” ಅವನು ಎಲ್ಲರನ್ನೂ ಮತ್ತೆ ತನ್ನ ಕೋಣೆಗೆ ಕರೆದೊಯ್ದ. ಕಾವ್ಯಾ ಬಿಕ್ಕುತ್ತಲೇ ಯಂತ್ರದ ಮುಂದೆ ಹೆಸರು ಹೇಳಿದಳು. ಯಂತ್ರ ಒಂದು ಸಂತೋಷದ ಗಂಟೆ ಬಾರಿಸಿತು. ‘ಧ್ವನಿ ಹೊಂದಿದೆ. ನಮಸ್ಕಾರ ಶೇಖವ್ವ ಅವರೇ.’

ಬಸಲಿಂಗ ಇಬ್ಬರು ಶೇಖವ್ವಂದಿರನ್ನೂ ಒಮ್ಮೆ ನೋಡಿ, ಎರಡನೆಯವಳಿಂದ ಒಂದು ಹೆಜ್ಜೆ ದೂರ ಸರಿದು ನಿಂತ.

ಅಮರೇಶನಿಗೆ ಮಾತ್ರ ಜೀವ ಬಂದಿತ್ತು. “ಚಲೋನೇ ಆಯ್ತು! ಈಗ ಸಿಸ್ಟಮ್ ಇವಳನ್ನೇ ಶೇಖವ್ವ ಅಂತ ಒಪ್ಕೊಂಡದೆ. ತಡೆ ತೆಗೀರಿ ಅಂತ ಇವಳ ಬಾಯಲ್ಲೇ ಒಂದ್ ಮಾತು ಹೇಳಿಸಿದ್ರೆ ಮುಗೀತು. ನೀವು ಹೆಸರು ಹೇಳೋ ಪ್ರಶ್ನೇನೇ ಇಲ್ಲ.”

ಗೌರಮ್ಮ ಶೇಖವ್ವನ ಮೊಣಕೈ ತಿವಿದಳು. “ಊಂ ಅನ್ನಕ್ಕ. ಅಂಗಡಿ ಉಳೀತು.”

ಶೇಖವ್ವ ಊಂ ಅನ್ನಲಿಲ್ಲ. ಅಂಗಡಿ ಅವಳಿಗೆ ಬೇಕಾಗಿತ್ತು, ರಾತ್ರಿ ನಿದ್ದೆಯಲ್ಲೂ ಬೇಕಾಗಿತ್ತು. ಆದರೆ ಆ ಬೋರ್ಡಿನ ಮೇಲಿನ ಶೇಖವ್ವ ಯಾರು? ಈ ಹುಡುಗಿ ಶೇಖವ್ವಳಾಗಿ, ಬಸಲಿಂಗನ ಹೆಂಡತಿಯಾಗಿ ಆ ಯಂತ್ರದೊಳಗೆ ಕೂತಿದ್ದರೆ, ಹೊರಗೆ ರೊಟ್ಟಿ ತಟ್ಟುವವಳು ಯಾರಾದಳು? ಇಷ್ಟು ವರ್ಷ ತಾನು ಹೇಳದೆ ಉಳಿಸಿದ ಜಾಗ ಖಾಲಿ ಎಂದುಕೊಂಡು ಯಾರೋ ಬಂದು ಬಾಡಿಗೆಗೆ ಇದ್ದುಬಿಟ್ಟರಲ್ಲ.

“ಆ ಹುಡುಗಿ ಕಡೆ ಏನೂ ಹೇಳಿಸಬ್ಯಾಡ್ರಿ,” ಎಂದಳು. “ನಾನ ಅಂತೀನಿ.”

ಆಮೇಲೆ ಗಂಡನ ಕಡೆ ತಿರುಗಿದಳು. “ನೀವು ದೂರ ಹೋಗ್ರಿ.”

“ಎಷ್ಟ್ ದೂರ?”

“ಕೇಳಸಲಾರದಷ್ಟು. ರಸ್ತಾ ದಾಟಿ ಆ ಕಡೆ ಹೋಗಿ ಚಾ ಕುಡೀರಿ.”

ಬಸಲಿಂಗ ಮೆಟ್ಟಿಲಿಳಿದು ರಿಂಗ್ ರೋಡ್ ದಾಟಿ ಆಚೆ ಬದಿಯ ಚಹದ ಅಂಗಡಿ ಮುಟ್ಟುವವರೆಗೂ ಅವಳು ಕಿಟಕಿಯಲ್ಲಿ ನಿಂತು ನೋಡಿದಳು. ಅವನು ಲೋಟ ಹಿಡಿದದ್ದು ಕಂಡ ಮೇಲೆ ಕಿಟಕಿ ಮುಚ್ಚಿಸಿದಳು. ಗೌರಮ್ಮನನ್ನೂ ಕಾವ್ಯಾಳನ್ನೂ ಹೊರಗೆ ಕಳಿಸಿದಳು. ಅಮರೇಶ್ ತಾನಾಗಿಯೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಮೊದಲ ಸಲ ಬರಿಯ ಉಸಿರು ಬಂತು. ಎರಡನೆಯ ಸಲ, “ಬಸಲಿಂಗ.”

ಹೆಸರು ಇಷ್ಟು ಸಣ್ಣದೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದೊಂದು ಸಾಲು, ಮುಂದೊಂದು ಸಾಲು ಇಲ್ಲದೆ ಅದು ಬರಿಗಾಲಲ್ಲಿ ಬಂದು ನಿಂತ ಹಾಗಿತ್ತು.

‘ಕ್ಷಮಿಸಿ,’ ಎಂದಿತು ಯಂತ್ರ. ‘ಧ್ವನಿ ಹೊಂದುತ್ತಿಲ್ಲ. ನೀವು ಶೇಖವ್ವ ಅಲ್ಲ.’

“ಅಲ್ಲ! ನೀವಲ್ಲ!” ಅಮರೇಶ್ ಕುಣಿದಾಡುವುದೊಂದು ಬಾಕಿ. ಅವನು ಕೀಲಿಗಳನ್ನು ಪಟಪಟ ಕುಟ್ಟಿದ. ಸಾಲ ರದ್ದಾಯಿತು, ತಡೆ ತೆಗೆದದ್ದಕ್ಕೆ ಅವಳ ಫೋನು ಕುಯ್ ಎಂದಿತು. “ಇನ್ನು ಆ ದನಿ ಅಳಿಸಿ, ಅಲ್ಲಿ ನಿಮ್ಮ ದನಿ ಇಡ್ತೀನಮ್ಮ.”

“ಬ್ಯಾಡ. ಎರಡೂ ಅಳಸ್ರಿ. ಅದು ಇಲ್ಲಿ ಬಿಟ್ಟು ಹೋಗೂ ಸಾಮಾನಲ್ಲ.” ಹೊರಡುವಾಗ ಕೌಂಟರಿನ ಬಳಿ ನಿಂತು, “ಉಳಿದ ಗಂಡಂದಿರನ್ನೂ ಬಿಟ್ಟುಕೊಡವಾ,” ಎಂದಳು. ಕಾವ್ಯಾ ತಲೆ ತಗ್ಗಿಸಿಯೇ ಹೂಂಗುಟ್ಟಿದಳು. ಅಮರೇಶ್ ಆಗಲೇ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಮೊದಲನೆಯ ಗಂಡನನ್ನು ಹುಡುಕುತ್ತಿದ್ದ.

ಶೇಖವ್ವ ಗೌರಮ್ಮನಿಗಿಂತ ಮೊದಲೇ ಮೆಟ್ಟಿಲಿಳಿದು ಕೆಳಗೆ ಬಂದಳು. ಬಸ್ಸು, ಕ್ಯಾಬು, ನೀರಿನ ಟ್ಯಾಂಕರುಗಳ ಆಚೆ ಕಣ್ಣು ಕಿರಿದು ಮಾಡಿ ನೋಡಿದಳು. ಇದ್ದ. ಬದುಕಿದ್ದ. ಚಹಕ್ಕೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

“ಏನ್ರೀ!” ಎಂದು ಕೂಗಿದಳು. ಬಸ್ಸಿಗೆ ನಿಂತಿದ್ದ ಗಂಡಸರಲ್ಲಿ ಮದುವೆಯಾದವರೆಲ್ಲ ತಿರುಗಿದರು. ಅವನಿಗೆ ಕೇಳಿಸಲಿಲ್ಲ.

ಶೇಖವ್ವ ಗೌರಮ್ಮನ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈ ಬಾಯಿಗೆ ಕಹಳೆ ಮಾಡಿ ಕೂಗಿದಳು: “ಬಸಲಿಂಗಾ!”

ಅವನು ದಿಗಿಲುಬಿದ್ದು ಎದ್ದು ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಊರವರು ಯಾರಾದರೂ ಬಂದರೇನೋ ಎಂದು ಹಿಂದಕ್ಕೂ ತಿರುಗಿದ. ತೀರಿಹೋದ ಅವನ ಅವ್ವನಲ್ಲದೆ ಇನ್ಯಾವ ಹೆಂಗಸೂ ಅವನನ್ನು ಹಾಗೆ ಕರೆದಿರಲಿಲ್ಲ; ಅದಕ್ಕೇ ಕೊನೆಗೆ ಒಮ್ಮೆ ಮುಗಿಲ ಕಡೆಗೂ ನೋಡಿದ. ಎಲ್ಲ ಕಡೆಗೂ ನೋಡಿದ, ರಸ್ತೆಯ ಈ ಬದಿಯನ್ನೊಂದು ಬಿಟ್ಟು.