ಕೊಕ್ಕರೆಯ ಕಾಲು, ಹುಲ್ಲೆಯ ಕಾಲು

ಸತ್ತ ಪ್ರಾಣಿಗಳ ತೊಗಲಿಗೆ ತಂತಿ, ನಾರು ತುಂಬಿ ಮ್ಯೂಸಿಯಂನಲ್ಲಿ ಜೀವಂತ ಇದ್ದಂತೆ ನಿಲ್ಲಿಸುವುದು ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಗಂಡ ತೀರಿಕೊಂಡ ಮರುವಾರವೇ ಕೆಲಸಕ್ಕೆ ಬಂದಳು, ಕಣ್ಣಲ್ಲಿ ಒಂದು ಹನಿ ಇಲ್ಲ. ನಾದಿನಿ ಬೆನ್ನ ಹಿಂದೆ ‘ಕಲ್ಲು’ ಅಂದಳಂತೆ. ಅದಕ್ಕೆ ಬೇಸರವಾದರೂ ಆಗಬೇಕಿತ್ತಲ್ಲ, ಅದೂ ಆಗಲಿಲ್ಲ. ಈಚೆಗೆ ಅವಳಿಗೆ ಏನೂ ಆಗುತ್ತಿರಲಿಲ್ಲ.

ಗಾಜಿನ ಪೆಟ್ಟಿಗೆಯೊಳಗೆ ಕೆರೆಯಂಚು. ಮೇಯುತ್ತಿರುವ ಹುಲ್ಲೆಯನ್ನು ಗಂಡ ಇದ್ದಾಗಲೇ ಮಾಡಿ ಮುಗಿಸಿದ್ದಳು. ಪಕ್ಕದಲ್ಲಿ ಒಂದು ಕಾಲು ಎತ್ತಿ ಮಡಚಿ ನಿಂತ ಕೊಕ್ಕರೆ ಈ ವಾರದ ಕೆಲಸ. ಜನ ಎರಡರ ಕಾಲನ್ನೂ ಹೋಲಿಸಿ ನೋಡಲಿ ಎಂದೇ ಮ್ಯೂಸಿಯಂನ ಸಾಹೇಬರು ಜೋಡಿ ಮಾಡಿಸಿದ್ದರು. ಹುಲ್ಲೆಯ ಹಿಂಗಾಲಲ್ಲೂ ಕೊಕ್ಕರೆಯ ಕಾಲಲ್ಲೂ ನಾವು ಮಂಡಿ ಅಂದುಕೊಳ್ಳುವ ಗಂಟು ನಿಜವಾಗಿ ಹಿಮ್ಮಡಿ, ಹಾಗಾಗಿ ಅದು ಹಿಂದಕ್ಕೆ ಚಾಚಿರುತ್ತದೆ. ಸಂಜೆ ಗಾಜು ಮುಚ್ಚುವುದಿತ್ತು.

ಹಿಂದಿನ ಗೋಡೆಗೆ ಆಕಾಶ ಬಳಿಯುತ್ತಿದ್ದ ಪೇಂಟರ್ ಬ್ರಶ್ ಕೆಳಗಿಟ್ಟ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಕೊಕ್ಕರೆ ಮಂಡಿ ನಮ್ಮ ಥರ ಮುಂದಕ್ಕೆ ಬಂದಿದೆ. ಬಸ್ಸಿಗೆ ಕಾಯೋ ಮಾವನ ಥರ ಕಾಣ್ತಿದೆ.”

ನೋಡಿದಳು. ನಿಜವೇ. ನಿನ್ನೆ ಮೊನ್ನೆ ಸೇರಿದವರೂ ಮಾಡದ ತಪ್ಪು. ಸಾಹೇಬರ ಕಣ್ಣಿಗೆ ಬಿದ್ದರೆ ಕೈ ಕೆಟ್ಟಿದೆ ಅಂತ ಮನೆಗೆ ಕಳಿಸಿಬಿಡುತ್ತಾರೆ. ಮನೆಯಲ್ಲಿ ಖಾಲಿ ಮಂಚ. ತಂತಿ ನೆಟ್ಟಗೆ ಮಾಡಿ ಇನ್ನೊಮ್ಮೆ ಮಡಚಿದಳು. ಹಾಳಾದ್ದು, ಮತ್ತೆ ಮುಂದಕ್ಕೇ ಬಂತು. ಎಡಗೈ ಗಂಟಿನ ಕೆಳಗೆ, ಬಲಗೈ ಪಾದಕ್ಕೆ, ಮೆಲ್ಲಗೆ, ನೋವಾಗದ ಹಾಗೆ.

“ನಾನು ಮಾಡ್ಲಾ ಅಕ್ಕಾ?”

“ಬೇಡ.” ತನ್ನ ಕೈಗಳನ್ನೇ ನೋಡುತ್ತ ಅಂದಳು, “ನಮ್ಮನೆಯವರಿಗೆ ಲಕ್ವ ಹೊಡೆದ್ಮೇಲೆ ಅವರ ಕಾಲನ್ನ ಬೆಳಿಗ್ಗೆ ಸಂಜೆ ಹೀಗೇ ಮಡಚ್ತಿದ್ದೆ. ಅವರು ಹೋದ್ರು ಅಂತ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದಾಯ್ತು. ಈ ಕೈಗೆ ಯಾರೂ ಹೇಳೇ ಇಲ್ಲ ನೋಡು.”

ಪೇಂಟರ್ ಮತ್ತೆ ಬ್ರಶ್ ಎತ್ತಿಕೊಂಡ.

ಅವಳು ಹುಲ್ಲೆಯ ಹಿಂಗಾಲನ್ನು ಮುಟ್ಟಿ, ಗಂಟನ್ನು ಬೆರಳಲ್ಲಿ ತಡವಿ ನೋಡಿದಳು. ಆಮೇಲೆ ಕೊಕ್ಕರೆಯ ಕಾಲು ಹಿಡಿದು ಗಂಟನ್ನು ಹಿಂದಕ್ಕೆ ಮಡಚಿದಳು. ಮನುಷ್ಯನ ಕಾಲಾಗಿದ್ದರೆ ಮುರಿದೇ ಹೋಗುತ್ತಿತ್ತು. ಇದು ಸಲೀಸಾಗಿ ಮಡಚಿಕೊಂಡಿತು. “ನಿಧಾನ ಕಣೇ” ಅಂತ, ಗಂಡ ಅನ್ನುತ್ತಿದ್ದ ಹಾಗೆ, ಯಾರೂ ಅನ್ನಲಿಲ್ಲ.

ಗಂಡ ಸತ್ತುಹೋಗಿದ್ದಾನೆ ಎಂದು ಅವಳಿಗೆ ಆಗ ಗೊತ್ತಾಯಿತು.