ಓ ಅನ್ನುವ ಮೊದಲು

ಕಿಟಕಿಯ ಸರಳಿನ ನೆರಳು ಫೋನಿನ ಮೇಲೆ ಅಡ್ಡ ಬಿದ್ದು ಕೆಂಪೂ ನೀಲಿಯೂ ಒಂದೇ ಮಣ್ಣುಬಣ್ಣವಾಗಿ ಕಾಣುತ್ತಿವೆ, ಸ್ವಲ್ಪ ವಾಲಿಸಿದರೆ, ಹಾಂ, ಈಗ ಸರಿ, ನೀಲಿ ಮಿನುಗುತ್ತಿದೆ, ನಿನ್ನೆ ಮಿನುಗಿದ ಮನೆಯಲ್ಲೇ, ನನ್ನ ಎರಡು ಕೆಂಪು ಕಾಯಿಗಳ ನಡುವಿನ ಸಂದಿಗೆ ಬಂದು ಕೂತು, ಏನು ಮಾಡುತ್ತೀ ಮಾಡು ಅನ್ನುವ ಹಾಗೆ — ಪುಢೆ ಸರಕಾ, ಪುಢೆ ಸರಕಾ, ಕಂಡಕ್ಟರ್ ಮರಾಠಿಯಲ್ಲಿ ಕೂಗುತ್ತಿದ್ದಾನೆ, ಮುಂದೆ ಸರಿಯಲು ಜಾಗವೆಲ್ಲಿದೆ, ಧನಕವಡಿಯಲ್ಲೇ ತುಂಬಿದ ಬಸ್ಸು, ಸೀಟು ಸಿಕ್ಕಿದ್ದೇ ಪುಣ್ಯ, ಅವನು ಕೂಗಿದ್ದು ನಿಂತವರಿಗೆ, ಕೂತವಳಿಗಲ್ಲ, ಆದರೂ ನನ್ನ ಮೊಣಕಾಲುಗಳು ಆಗಲೇ ಅರ್ಧ ಎದ್ದಿವೆ. ಕೂತುಕೋ ಇಂದೂ. ನೋಡು. ಕೆಂಪಿನ ಸರದಿ, ಕೆಂಪು ಗೆಲ್ಲುತ್ತದೆ, ಇಷ್ಟೇ ಬರೆದಿದೆ ಮೇಲೆ, ಗೆಲ್ಲಬಹುದು ಅಂತಲ್ಲ, ಗೆಲ್ಲುತ್ತದೆ ಅಂತ, ಅಂದರೆ ಗೆಲುವು ಇಲ್ಲೇ ಇದೆ, ಈ ಅಂಗೈಯಷ್ಟು ಗಾಜಿನೊಳಗೆ, ನನ್ನ ಹೆಬ್ಬೆರಳಿನ ಕೆಳಗೆಲ್ಲೋ, ಕಾಣದಿರುವುದು ನನಗೊಬ್ಬಳಿಗೆ, ಸಿಟ್ಟು ಬರುವುದು ಇದಕ್ಕೇ. ಇಡೀ ವಾರ ಇದೊಂದೇ ಒಗಟು, ರೊಟ್ಟಿ ಬಡಿಯುವಾಗ, ಆಫೀಸಿನಲ್ಲಿ ಒಂದು ಫೋನಿಗೂ ಇನ್ನೊಂದಕ್ಕೂ ನಡುವೆ, ಹಂಚಿನ ಮೇಲಿನ ರೊಟ್ಟಿಯೇ ಆರು ಮೂಲೆಯದಾಗಿ ಕಾಣಿಸುವಷ್ಟು, ಮತ್ತು ಇವತ್ತು ಶನಿವಾರ, ಇನ್ನು ಅರ್ಧ ಗಂಟೆಗೆ ಬಸ್ಸು ಕ್ಯಾಂಪ್ ಮುಟ್ಟುತ್ತದೆ, ರಾಘಣ್ಣನವರ ಬಟ್ಟೆ ಅಂಗಡಿಯ ಅಟ್ಟದ ಮೇಲೆ ನಮ್ಮ ಆಟದವರೆಲ್ಲ ಕೂತಿರುತ್ತಾರೆ, ಪ್ರಣವ ಕೂತಿರುತ್ತಾನೆ, ಉತ್ತರ ತಂದಿರಿ ಏನ್ರಿ ಇಂದೂ ಅವರ, ಅಂತ ಕೇಳುತ್ತಾರೆ ರಾಘಣ್ಣ, ಮುಂಬೈಯವರ ಜೊತೆಗಿನ ಪಂದ್ಯಕ್ಕೆ ಹೋಗಲು ಉಳಿದಿರುವುದು ಒಂದೇ ಜಾಗ, ಪ್ರಣವ ಅಥವಾ ನಾನು, ಎಲ್ಲರ ಎದುರು ಹಲಗೆಯ ಮೇಲೆ ಗುಂಡಿ ಇಟ್ಟು ನಾನು ಬಿಡಿಸಿ ತೋರಿಸಿದರೆ ಜಾಗ ನನಗೆ, ಇಲ್ಲದಿದ್ದರೆ ಅವನಿಗೆ, ಆಗಲಿ ಅಣ್ಣಾವ್ರ ಅಂತ ಹೋದ ಶನಿವಾರ ಒಪ್ಪಿಕೊಂಡೆ, ನಗುತ್ತ ಒಪ್ಪಿಕೊಂಡೆ, ಯಾಕೆ ಒಪ್ಪಿಕೊಂಡೆ.

ನಾವು ಆಡುವುದೇ ಅಂಗಿಯ ಗುಂಡಿಗಳಲ್ಲಿ, ರಾಘಣ್ಣನವರ ಅಂಗಡಿಯ ಕೆಂಪು ಗುಂಡಿ, ನೀಲಿ ಗುಂಡಿ, ಹಲಗೆಯ ತುಂಬ ಜೇನುಗೂಡಿನಂಥ ಮನೆಗಳು. ಅತ್ತಿ ಒಮ್ಮೆ ಕೇಳಿದರು, ಏನದು ಆಟ, ನನಗೂ ಹೇಳು. ಕೆಂಪು ಕಾಯಿ ಮ್ಯಾಲಿನ ಅಂಚಿಂದ ಕೆಳಗಿನ ಅಂಚಿನ ತನಕ ಒಂದಕ್ಕೊಂದು ಹತ್ತಿ ಕೂಡಬೇಕ್ರಿ ಅತ್ತಿ, ನೀಲಿ ಎಡಗಡಿಂದ ಬಲಕ್ಕ, ಯಾರದು ಮೊದಲ ಕೂಡ್ತದ ಅವರು ಗೆದ್ದಂಗ, ಇಬ್ಬರೂ ಗೆಲ್ಲೂದಿಲ್ಲ ಅನ್ನೂದು ಇದರಾಗ ಇಲ್ರಿ, ಒಬ್ಬರದು ಆಗಾಕಬೇಕು. ಗೆದ್ರ ಏನ್ ಕೊಡ್ತಾರ? ಏನಿಲ್ರಿ. ಏನೂ ಇಲ್ಲದ್ದಕ್ಕ ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೋತೀಯವ್ವಾ, ಅಂದು ಅವರೆಕಾಯಿ ಸುಲಿಯುತ್ತ ಕೂತರು ಶಿವಬಸವ್ವ, ನನ್ನ ಅತ್ತಿ, ಸುಲಿದ ಕಾಳು ಸಿಪ್ಪೆಗೆ, ಸಿಪ್ಪೆ ಕಾಳಿಗೆ ಹಾಕುತ್ತ, ಕಣ್ಣು ಮಂಜಾಗಿದೆ, ಒಪ್ಪುವುದಿಲ್ಲ. ಮಾರಿ ಯಾಕೆ ಸಣ್ಣದಾಗುತ್ತದೆ ಅಂತ ಅವರಿಗೆ ಹೇಗೆ ಹೇಳಲಿ, ಹಗಲೆಲ್ಲ ಹುಬ್ಬಳ್ಳಿಯ ಟೈಪಿಂಗ್ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋದವಳು ನಾನು, ಟ್ಯೂಬ್‌ಲೈಟಿನ ಕೆಳಗೆ ತೂಕಡಿಸುತ್ತ ಗೈಡಿನ ಉತ್ತರ ಬಾಯಿಪಾಠ ಮಾಡಿ ಬರೆದವಳು, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೂ ಗೈಡಿನ ಉತ್ತರವನ್ನೇ ಬರೆದು ಬಂದವಳು, ಪಾಸಾದೆ, ಆದರೆ ಒಂದೇ ಒಂದು ಸಾಲು ನನ್ನ ತಲೆಯಿಂದ ಬಂದದ್ದಿತ್ತೇ, ಅದು ಇವತ್ತಿಗೂ ಗೊತ್ತಿಲ್ಲ. ಈ ಆಟಕ್ಕೆ ಗೈಡಿಲ್ಲ ಅಂತಲೇ ಬಂದೆ. ಬಂದವಳು ಮತ್ತೆ ಬಾಯಿಪಾಠವನ್ನೇ ಮಾಡಿದೆನಲ್ಲ, ಅಂಚಿನಲ್ಲಿ ಯಾವ ಕಾಯಿ ಎಲ್ಲಿದ್ದರೆ ಕೂಡುತ್ತದೆ, ಮೂಲೆಯಲ್ಲಿ ಹೇಗೆ, ಎಲ್ಲ ಬಾಯಿಗೆ ಬರುತ್ತದೆ, ಎದುರಿನವನು ಅದರಲ್ಲಿ ಇಲ್ಲದ್ದನ್ನು ಇಟ್ಟರೆ ಮಾತ್ರ ಅದೇ ಟ್ಯೂಬ್‌ಲೈಟು, ಅದೇ ತೂಕಡಿಕೆ. ಫೋನಿನ ಮೂಲೆಯಲ್ಲಿ ಉತ್ತರ ತೋರಿಸು ಅಂತ ಒಂದು ಸಣ್ಣ ಬಲ್ಬಿನ ಗುರುತಿದೆ. ಪ್ರಣವ ಹೋದ ಶನಿವಾರ ಮೆಟ್ಟಿಲಿಳಿಯುತ್ತ ಕಿವಿಯ ಹತ್ತಿರ ಅಂದ, ಅಯ್ಯೋ ಒತ್ತಿ ನೋಡ್ಬಿಡಿ ಆಂಟಿ, ಯಾರಿಗ್ ಗೊತ್ತಾಗತ್ತೆ, ಇಷ್ಟೊಂದ್ ಟೆನ್ಷನ್ ಯಾಕೆ. ನೀ ಒತ್ತೀಯೇನಪ್ಪಾ? ನಂಗೆ ಬೇಕಾಗ್ಲಿಲ್ಲ ಆಂಟಿ, ಟೀ ಬರೋಷ್ಟ್ರಲ್ಲಿ ಸಾಲ್ವ್ ಆಯ್ತು. ಟೀ ಬರುವಷ್ಟರಲ್ಲಿ. ಆಂಟಿಯಂತೆ. ಹುಡುಕಿದರೆ ಅವನ ತಲೆಯಲ್ಲೂ ನೆರೆ ಕೂದಲಿದೆ.

ಸರಿ, ಮತ್ತೊಮ್ಮೆ, ತಾಳ್ಮೆಯಿಂದ. ಎರಡು ಕೆಂಪು ಕಾಯಿ, ನಡುವೆ ಎರಡು ಖಾಲಿ ಮನೆ, ರಾಘಣ್ಣ ಇದಕ್ಕೆ ಪೂಲ್ ಅನ್ನುತ್ತಾರೆ, ಸೇತುವೆ ಅಂದರೂ ಅದೇ, ಎದುರಿನವನು ಒಂದು ಮನೆಗೆ ನುಗ್ಗಿದರೆ ನಾನು ಇನ್ನೊಂದಕ್ಕೆ ಇಟ್ಟು ಕೂಡಿಸುತ್ತೇನೆ, ಸೇತುವೆ ಮುರಿಯುವುದಿಲ್ಲ, ಯೋಚಿಸುವುದೇ ಬೇಡ, ನನಗೆ ಇದರಷ್ಟು ಇಷ್ಟವಾದದ್ದು ಈ ಆಟದಲ್ಲಿ ಇನ್ನೊಂದಿಲ್ಲ, ಕೇಳಿದೊಡನೆ ಕೊಡುವ ಉತ್ತರ. ಇಡುತ್ತೇನೆ. ಕೆಂಪು ಕೂಡಿತು. ನೀಲಿ ಕೆಳಗಡೆ ಎಲ್ಲೋ ಹೋಗಿ ಕೂತಿತು. ಫೋನು ಗುರ್ ಅಂದು ನಡುಗಿತು. ಅಡ್ಡಗೀಟು. ತಪ್ಪು. ಆಮೇಲೆ ಮೇಲೆ ಇಟ್ಟರೂ ತಪ್ಪು, ಪಕ್ಕಕ್ಕೆ ಇಟ್ಟರೂ ತಪ್ಪು, ಕೆಳಗಿಂದ ಸುತ್ತಿ ಬಂದರೂ ತಪ್ಪು, ಮೊದಲಿಂದ, ಮತ್ತೆ ಮೊದಲಿಂದ — ಪಕ್ಕದ ಹೆಂಗಸು ತನ್ನ ಕೈಚೀಲ ನನ್ನ ಪಾದದ ಮೇಲಿಟ್ಟಿದ್ದಾಳೆ, ಉಳ್ಳಾಗಡ್ಡಿ, ಘಾಟು ಮೂಗಿಗೆ ಹೊಡೆಯುತ್ತಿದೆ, ಅಜ್ಜಿಯ ಅಂಗೈ, ಬಾಯಿಯ ಮೇಲೆ ಗಪ್ಪನೆ ಒತ್ತಿದ ಅಜ್ಜಿಯ ಅಂಗೈ, ಉಳ್ಳಾಗಡ್ಡಿ ಹೆಚ್ಚಿದ ಒದ್ದೆ ಅಂಗೈ, ಎಲ್ಲಿಂದ ಬಂತು ಇದು, ಈಗ ಬೇಡ, ಪದ್ಮಾವತಿ ದಾಟಿತು ಬಸ್ಸು, ಇಂದೂ, ಆಟ ನೋಡು. ನೋಡುವುದೆಲ್ಲಿ, ಆಟವೇ ಮಾಯ, ಹಲಗೆಯ ಮೇಲೆ ಅಗಲಕ್ಕೆ ಅತ್ತಿ ಅಂತ ಹೆಸರು ಬಂದು ಕುಣಿಯುತ್ತಿದೆ, ಮೊದಲ ರಿಂಗಿಗೇ ಎತ್ತಿದೆ, ಹೇಳ್ರಿ ಅತ್ತಿ. ಏ ಇಂದೂ, ಸಿಲಿಂಡರಿನವ ಬಂದಾನ, ಏನೋ ನಂಬರ ಕೇಳಾಕತ್ತಾನ, ನಿನ್ನ ಫೋನಿಗೆ ಬಂದೈತಂತ. ಹೌದ್ರಿ, ಬಂದದ, ಅವನ ಕೈಯಾಗ ಕೊಡ್ರಿ. ನಂಬರ್ ಹೇಳಿದೆ, ಮರಾಠಿಯಲ್ಲಿ, ಎರಡು ಸಲ, ಬಸ್ಸೆಲ್ಲ ಕೇಳುವ ಹಾಗೆ. ಜೋಡಿಸಿ ಕೊಟ್ಟು ಹೋಗು ಅಂತ ಅವನಿಗೆ ಹೇಳಿದೆನೇ, ಹೇಳಿದೆ, ಹೂಂ ಅಂದನೇ, ಅಂದ ಅನ್ನಿಸುತ್ತದೆ, ಅಥವಾ ಅದು ಬಸ್ಸಿನ ಸದ್ದೋ. ಗಂಡ ಶಿವಪ್ರಕಾಶ ಸಂಜೆಗೆ ಬರುತ್ತಾರೆ, ಅಲ್ಲಿಯತನಕ ಅತ್ತಿ ಒಬ್ಬರೇ, ಒಲೆ ಹಚ್ಚಬೇಡ್ರಿ ಅಂದರೆ ನಾ ಏನ್ ಸಣ್ಣ ಹುಡಿಗಿ ಏನಲೇ ಅನ್ನುತ್ತಾರೆ.

ಮೊದಲ ರಿಂಗಿಗೇ ಎತ್ತುವುದು ನನ್ನ ನೌಕರಿ, ಶಾಲೆ ಬಸ್ಸುಗಳ ಆಫೀಸಿನಲ್ಲಿ ತಾಯಂದಿರ ಫೋನು, ಬಸ್ ಕುಠೆ ಆಹೆ, ಬಸ್ ಕುಠೆ ಆಹೆ, ಬಸ್ಸು ಎಲ್ಲಿದೆ ಅಂತ ಅವರು ಕೇಳಿ ಮುಗಿಸುವುದರೊಳಗೆ ನನ್ನ ಉತ್ತರ, ಮಾಲೀಕ ಮಧುಕರ್ ಹೊಸಬರಿಗೆ ನನ್ನನ್ನೇ ತೋರಿಸುತ್ತಾನೆ, ಇವರನ್ನು ನೋಡಿ ಕಲಿಯಿರಿ ಅಂತ. ಮನೆಯಲ್ಲೂ ಅಷ್ಟೇ, ಕರದ್ರ ಓ ಅನಬೇಕು, ಎಲ್ಲಿದ್ರೂ, ಬಾಯಾಗ ತುತ್ತಿದ್ರೂ, ಅಪ್ಪ ಕಲಿಸಿದ್ದು, ಕಾಲೇಜಿನಲ್ಲಿ ಹಾಜರಿ ಕೂಗುವಾಗ ಇನ್ನೊಬ್ಬ ಇಂದುಮತಿಗೂ ನಾನೇ ಎದ್ದು ಎಸ್ ಸರ್ ಅಂದೆ, ಕ್ಲಾಸೆಲ್ಲ ನಕ್ಕಿತು, ಮರುದಿನವೂ ಎದ್ದೆ. ಆಟದ ಬಗ್ಗೆ ರಾಘಣ್ಣ ಹೋದ ವಾರ ಏನಂದರು, ನೀವು ಭಾಳ ಸಂಭಾವಿತ ಆಡ್ತೀರಿ ಇಂದೂ ಅವರ. ಅಷ್ಟೇ. ಗುಂಡಿಗಳನ್ನು ಡಬ್ಬಿಗೆ ತುಂಬುತ್ತ, ಮುಖ ನೋಡದೆ. ಹೊಗಳಿಕೆಯೋ, ಬೈಗುಳವೋ, ವಾರವಿಡೀ ಅದನ್ನೇ ಅಗಿದಿದ್ದೇನೆ, ಅವರು ಒಗಟು ಕೊಟ್ಟದ್ದು ಆಮೇಲೆ, ಅಲ್ಲವೇ, ಆ ಮಾತಿನ ಬೆನ್ನಿಗೇ ಕೊಟ್ಟರು. ಸಂಭಾವಿತ. ಎದುರಿನವನು ಚುಚ್ಚುತ್ತಾನೆ, ನಾನು ಓ ಅನ್ನುತ್ತೇನೆ. ಅವನು ಮತ್ತೊಂದು ಕಡೆ ಚುಚ್ಚುತ್ತಾನೆ, ಮತ್ತೆ ಓ. ಎಲ್ಲ ಸೇತುವೆಗಳೂ ಗಟ್ಟಿ, ಆಟ ಮಾತ್ರ ಅವನದು. ಉಳ್ಳಾಗಡ್ಡಿಯ ಘಾಟು. ಅಜ್ಜಿಯ ಅಂಗೈ. ಯಾವಾಗ ಅದು — ಧಾರವಾಡದ ಮನೆ, ದೀಪ ಹಚ್ಚುವ ಹೊತ್ತು, ಕರೆಂಟಿಲ್ಲ, ಹೊರಗಿನಿಂದ ಯಾರೋ ಇಂದೂ ಅಂದರು, ನಾನು ಓ ಅನ್ನಲು ಬಾಯಿ ತೆರೆದೆ, ಅಷ್ಟರೊಳಗೆ ಅಂಗೈ. ಸುಮ್ನಿರು. ಹೊತ್ತು ಮುಳುಗಿದ ಮ್ಯಾಲೆ ಒಂದ ಸಲ ಕರದ್ರ ಓ ಅನಬಾರದು, ಎರಡ ಸಲ ಕರದ್ರೂ ಅನಬಾರದು, ಅದು ಎರಡ ಸಲ ಕರದು ಹೋಗ್ತದ, ಮನಷಾ ಇದ್ರ ಮೂರನೇದ್ದು ಕರೀತಾನ. ಇಂದೂ, ಮತ್ತೊಮ್ಮೆ ಕೇಳಿತು, ಗಂಡೋ ಹೆಣ್ಣೋ ತಿಳಿಯಲಿಲ್ಲ. ಕಾದೆವು. ಮೂರನೆಯದು ಬರಲಿಲ್ಲ. ಅಂಗೈ ತೆಗೆದು ಅಜ್ಜಿ ಉಳ್ಳಾಗಡ್ಡಿ ಹೆಚ್ಚಲು ಕೂತಳು, ನೋಡಿದಿ ಇಲ್ಲೋ, ಅಂದಳು, ಗೆದ್ದವಳ ಹಾಗೆ. ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ, ಮನುಷ್ಯರೇ ಆಗಿದ್ದರೆ, ದಣಿದವರಾಗಿದ್ದರೆ, ಮೂರನೆಯ ಸಲ ಕೂಗುವ ತ್ರಾಣ ಇಲ್ಲದವರಾಗಿದ್ದರೆ.

ಸ್ವಾರ್‌ಗೇಟ್, ಅರ್ಧ ಬಸ್ಸು ಇಳಿಯಿತು, ಉಳ್ಳಾಗಡ್ಡಿಯ ಚೀಲವೂ ಇಳಿಯಿತು, ಘಾಟು ಇಳಿಯಲಿಲ್ಲ. ನೀಲಿ ಮಿನುಗುತ್ತಿದೆ. ಓ ಅನ್ನದಿದ್ದರೆ? ಅದು ಕರೆಯುತ್ತಿದೆ ಅಷ್ಟೇ, ಅನ್ನಲೇಬೇಕು ಅಂತ ಯಾವ ಗೈಡಿನಲ್ಲಿದೆ, ಆದರೆ ಸೇತುವೆ ಮುರಿಯುತ್ತದೆ, ಮುರಿಯಲಿ, ಮುರಿಯಲಿ ಅನ್ನಬಹುದೇ, ತಡಿ, ನಾನು ಓ ಅಂದಾಗಲೆಲ್ಲ ನೀಲಿ ಹೋಗಿ ಕೂರುತ್ತಿದ್ದದ್ದು ಎಲ್ಲಿ, ಕೆಳಗೆಲ್ಲೋ ಅನ್ನುತ್ತಿದ್ದೆ, ಎಲ್ಲೋ ಅಲ್ಲ, ಪ್ರತಿ ಸಲವೂ ಒಂದೇ ಮನೆ, ಬಲಗಡೆ ಒಂಟಿಯಾಗಿ ಬಿದ್ದಿರುವ ನನ್ನ ಕೆಂಪು ಕಾಯಿಯ ಕೆಳಗಿನ ಮನೆ, ಒಗಟು ಮಾಡಿದವರು ಮರೆತು ಬಿಟ್ಟ ಕಾಯಿ ಅಂದುಕೊಂಡಿದ್ದೆನಲ್ಲ ಅದರ ಕೆಳಗೆ, ವಾರವಿಡೀ ನೀಲಿಯವನೇ ನನಗೆ ಜಾಗ ತೋರಿಸುತ್ತಿದ್ದ, ನಾನು ಅಡ್ಡಗೀಟು ನೋಡುತ್ತಿದ್ದೆ, ಜಾಗ ನೋಡಲಿಲ್ಲ. ಅಲ್ಲಿ ನಾನೇ ಮೊದಲು ಕೂತರೆ? ಅವನು ಸೇತುವೆ ಮುರಿದರೆ ಈ ಒಂಟಿ ಕಾಯಿ ಹಿಡಿದು ಮೇಲಿನ ಅಂಚಿಗೆ ಹೋಗುತ್ತೇನೆ, ಈ ದಾರಿ ಅಡ್ಡಗಟ್ಟಿದರೆ ಆಗ ಸೇತುವೆಗೆ ಓ ಅನ್ನುತ್ತೇನೆ, ಕೆಳಗಿನ ಅಂಚು ಎರಡಕ್ಕೂ ಹತ್ತಿರ — ಹೆಬ್ಬೆರಳು ಆ ಮನೆಯ ಕಡೆ ಇಳಿಯುತ್ತಿದೆ, ಇಡುವುದರೊಳಗೆ ಹಲಗೆ ಮಾಯವಾಯಿತು, ಅತ್ತಿ, ಅತ್ತಿ, ಕುಣಿಯುತ್ತಿದೆ ಹೆಸರು. ಈಗಲ್ರಿ. ಒಂದೇ ಒಂದು ಕಾಯಿ, ಇಟ್ಟು ಎತ್ತುತ್ತೇನೆ, ಎತ್ತಿದರೆ ಇದು ತಲೆಯಿಂದ ಜಾರಿ ಹೋಗುತ್ತದೆ, ನನಗೆ ಗೊತ್ತು ನನ್ನ ತಲೆ. ಹುಟ್ಟಿದ ಮೇಲೆ ಮೊದಲ ಸಲ ರಿಂಗು ಪೂರ್ತಿ ಕೇಳುತ್ತಿದ್ದೇನೆ, ಇಷ್ಟು ಉದ್ದವಿರುತ್ತದೆಯೇ ಅದು, ಎದುರು ಸೀಟಿನವ ತಿರುಗಿ ನೋಡುತ್ತಿದ್ದಾನೆ, ಉಚಲಾ ನಾ ಬಾಯಿ, ಎತ್ರಿ ಅಕ್ಕಾ ಅಂತ. ನಿಂತಿತು. ಹಲಗೆ ಬಂತು. ಇಟ್ಟೆ. ನೀಲಿ ಸೇತುವೆ ಮುರಿಯಿತು, ನಾನು ಮೇಲೆ, ಅದು ಅಡ್ಡ, ನಾನು ಪಕ್ಕ, ಮತ್ತೆ ಅತ್ತಿ, ಇದು ಎರಡನೆಯ ಕರೆ, ಹಲಗೆ ಮತ್ತೆ ಮುಚ್ಚಿತು, ಹಗಲು ಇದು ಇಂದೂ, ಉರಿಬಿಸಿಲು, ಅಜ್ಜಿಯ ಮಾತು ಹಗಲಿಗಲ್ಲ, ಎತ್ತು, ಎತ್ತಲಿಲ್ಲ, ನಿಂತಿತು, ಕೊನೆಯ ಕಾಯಿ ಇಟ್ಟೆ, ಕೆಂಪು ಮೇಲಿಂದ ಕೆಳಗಿನವರೆಗೆ ಒಮ್ಮೆ ಮಿಂಚಿ ನಿಂತಿತು, ನನ್ನದು, ಗೈಡಿನದಲ್ಲ, ಬಲ್ಬಿನದಲ್ಲ, ನನ್ನದು. ಕ್ಯಾಂಪ್, ಕ್ಯಾಂಪ್, ಉತರಾ ಲವಕರ್, ಬೇಗ ಇಳೀರಿ ಅಂತ, ಎಲ್ಲರೂ ಇಳಿಯುತ್ತಿದ್ದಾರೆ, ರಾಘಣ್ಣನವರ ಅಂಗಡಿಯ ಬೋರ್ಡು ಕಾಣುತ್ತಿದೆ, ಬಾಗಿಲಲ್ಲಿ ಪ್ರಣವ ಟೀ ಲೋಟ ಹಿಡಿದು ನಿಂತು ಕೈ ಬೀಸುತ್ತಿದ್ದಾನೆ, ಹೋಗಬೇಕು, ತೋರಿಸಬೇಕು, ಮೂರನೆಯದು ಬರಲಿ, ಬಂದೊಡನೆ ಎತ್ತುತ್ತೇನೆ, ಏನಿಲ್ಲವ್ವಾ, ಚಹಾಪುಡಿ ಎಲ್ಲಿಟ್ಟಿ ಅಂತ ಕೇಳಾಕ ಮಾಡಿದ್ನಿ ಅನ್ನುತ್ತಾರೆ, ಹೊಸ ಸಿಲಿಂಡರು, ಅವನು ಹೂಂ ಅಂದನೋ ಇಲ್ಲವೋ, ಗ್ಯಾಸು ಸೋರಿದರೆ, ಅತ್ತಿಯ ಮೂಗಿಗೂ ಈಚೆಗೆ ವಾಸನೆ ಹತ್ತುವುದಿಲ್ಲ, ಮೊನ್ನೆ ಹಾಲು ಸೀದರೂ ತಿಳಿಯಲಿಲ್ಲ, ನಾನೇ ಫೋನ್ ಮಾಡಲೇ, ಮಾಡುತ್ತೇನೆ, ಬೆರಳು ಏಳುತ್ತಿಲ್ಲ, ಉತರಾ ಬಾಯಿ, ಕಂಡಕ್ಟರ್ ನನಗೇ ಕೂಗುತ್ತಿದ್ದಾನೆ, ಕರೆಯಿರಿ ಅತ್ತಿ, ಇನ್ನೊಂದೇ ಒಂದು ಸಲ, ಫೋನು ಸುಮ್ಮನಿದೆ, ಅಂಗೈ, ಒದ್ದೆ ಅಂಗೈ, ಬಾಯಿಯ ಮೇಲೆ