ಗಡಿಗೆಯೊಳಗಿನ ಮಣ್ಣು

ಸವಡಿಯಲ್ಲಿ ಯಾರಾದರೂ ಸತ್ತರೆ ಆ ಮನೆಯ ಅಡುಗೆಯ ಗಡಿಗೆಗಳನ್ನು ಊರ ಹೊರಗಿನ ಜಾಲಿಗಿಡದ ಬುಡಕ್ಕೆ ತಂದು ಒಗೆಯುತ್ತಿದ್ದರು. ತಾಮ್ರದ ಕೊಡವಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸೂತಕ ಹೋಗುತ್ತದೆ; ಮಣ್ಣಿನದಕ್ಕೆ ಹೋಗುವುದಿಲ್ಲವಂತೆ. ಆ ಗಡಿಗೆಗಳನ್ನು ಗುಡ್ಡವ್ವ ಆರಿಸಿಕೊಂಡು ಬರುತ್ತಿದ್ದಳು. ಅಡುಗೆಗಲ್ಲ, ತಪ್ಪಲ ಅಂದರೆ ಸೊಪ್ಪು ಬೆಳೆಯುವುದಕ್ಕೆ.

ದನ ತಿರುಗಿ ಮನೆಗೆ ಬರುವ ಹೊತ್ತಾಯಿತೆಂದರೆ ಮೊಮ್ಮಗಳು ಕರೆವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲೆಲ್ಲ ಹೋತಮರಿಯಂತೆ ಜಿಗಿಯುವ ಹುಡುಗಿ ಸಂಜೆಯಾಗುತ್ತಲೇ ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ತಾಯಿಯಿಲ್ಲದ ಕೂಸು. ಅವಳು ಆಯಿ ಎಂದು ಕರೆಯುವ ಗುಡ್ಡವ್ವ ಅವಳನ್ನು ರೋಣದ ದವಾಖಾನೆಗೆ ನಡೆಸಿಕೊಂಡು ಹೋದಾಗ ಡಾಕ್ಟರು ರೆಪ್ಪೆ ಎತ್ತಿ ನೋಡಿ ಹೇಳಿದ್ದರು: "ಇರುಳುಗುರುಡ ಐತೆವ್ವಾ. ಹಸರ ತಪ್ಪಲಾ ದಿನಾ ತಿನಸು. ಒಂದಿನ ತಿನಿಸಿ ಬಿಟ್ಟರ ನಡಿಯೂದಿಲ್ಲ. ಬಿಟ್ಟಿ ಅಂದ್ರ ಹಗಲಿನ ಕಣ್ಣೂ ಹೋಗತಾವ."

ಚಳಿಗಾಲವಾಗಿದ್ದರೆ ಜೋಳದ ಹೊಲದಲ್ಲಿ ಹಕ್ಕರಕಿ ಸೊಪ್ಪು ಕಿತ್ತು ತರಬಹುದಿತ್ತು. ಅದು ಸುಗ್ಗಿ ಮುಗಿದ ಬೇಸಿಗೆ. ಕಪ್ಪುಮಣ್ಣಿನ ಎರಿ ಹೊಲ ಕೈ ಇಳಿಯುವಷ್ಟು ಬಾಯಿ ಬಿಟ್ಟಿತ್ತು.

ಗುಡಿಸಿಲ ಮುಂದೆ ನಾಲ್ಕು ಕಾಳು ಮೆಂತೆ ಚೆಲ್ಲಬಹುದಿತ್ತಲ್ಲ? ಚೆಲ್ಲುವಂತಿರಲಿಲ್ಲ. ಗುಡಿಸಿಲು ಇದ್ದದ್ದು ಅರ್ಜುನಪ್ಪಗೌಡರ ಹೊಲದ ಮೂಲೆಯಲ್ಲಿ. ಅವರ ಮೇವಿನ ಬಣವೆ ಕಾಯಲು ಅವಳನ್ನು ಅಲ್ಲಿಟ್ಟಿದ್ದರು. ಉಳುವವನಿಗೇ ಹೊಲ ಎಂಬ ಸರಕಾರದ ಕಾಯ್ದೆಯ ಮಾತು ಕಿವಿಗೆ ಬಿದ್ದಂದಿನಿಂದ ಗೌಡರು ಲಾವಣಿಗೆ ಹೊಲ ಮಾಡುವ ಗೇಣಿದಾರರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ್ದರು. ಬೇರೆಯವರ ಕೈಯಿಂದ ಒಂದು ಮೆಣಸಿನ ಸಸಿಯೂ ತಮ್ಮ ನೆಲಕ್ಕೆ ಇಳಿಯದಂತೆ ನೋಡಿಕೊಳ್ಳುತ್ತಿದ್ದರು. ಬಡವರಿಗೆಂದು ಹುಟ್ಟಿದ ಕಾಯ್ದೆ ಮೊದಲು ತಿಂದದ್ದು ಬಡವರ ಹಿತ್ತಲನ್ನೇ.

"ನೆಲಾ ಗೌಡ್ರದು. ಗಡಿಗಿ ಏನ ನೆಲಾ ಅಲ್ಲಲ್ಲ?" ಎಂದು ಗುಡ್ಡವ್ವ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಮೊದಲನೆಯ ಗಡಿಗೆಗೆ ತೂತು ಮಾಡಬೇಕೆಂಬುದು ತಿಳಿಯಲಿಲ್ಲ. ನೀರು ನಿಂತು ಕಾಳು ಕೊಳೆತವು. ಮುಂದಿನದಕ್ಕೆ ತಳದಲ್ಲಿ ತೂತು ಕೊರೆದು ಕಂಠದವರೆಗೆ ಎರಿಮಣ್ಣು ತುಂಬಿದಳು. ನೀರುಂಡ ಮಣ್ಣು ಉಬ್ಬಿ ಗಡಿಗೆಯನ್ನೇ ಸೀಳಿತು. ಆ ದಾರಿಯಲ್ಲಿ ಹೊರಟಿದ್ದ ಕುಂಬಾರ ಸಣ್ಣಪ್ಪ ನೋಡಿ ನಕ್ಕ.

"ಎರಿಮಣ್ಣ ನಮ್ಮೂರ ದೊಡ್ಡವರಿದ್ದಂಗ ಬೇ ಗುಡ್ಡವ್ವಾ. ನೀರ ಕಂಡ್ರ ಹೊಟ್ಟಿ ಉಬ್ಬಸ್ತೈತಿ. ಅರ್ಧಾ ಹಳ್ಳದ ಉಸುಕ ಕೂಡಸು, ಹಳೇ ಗೊಬ್ಬರಾ ಹಾಕು. ತೂತಿನ ಮ್ಯಾಲ ಒಡದ ಗಡಿಗಿದು ಒಂದ ಬೋಕಿ ಚೂರ ಇಡು, ನೀರಷ್ಟ ಹೋಗ್ಲಿ, ಮಣ್ಣ ಹೋಗಬಾರ್ದು."

"ಅಷ್ಟ ಮಾಡಿದ್ರ ಬರ್ತೈತೇನೊ ತಮ್ಮಾ?"

"ಬರ್ತೈತಿ. ಆದ್ರ ಸತ್ತಾರ ಮನಿ ಗಡಿಗಿ ಇವು. ಅವರು ಬಂದು ನಮ್ಮ ಗಡಿಗಿ ಕೊಡು ಅಂದ್ರ?"

"ಸತ್ತಾರು ಏನೂ ಕೇಳೂದಿಲ್ಲಪಾ. ಕೇಳಾವ್ರೆಲ್ಲಾ ಬದುಕಿದ್ದವರ."

ಬಾವಿಯ ಮೆಟ್ಟಿಲು ಅವಳ ಜಾತಿಗೆ ಇರಲಿಲ್ಲ. ಯಾರಾದರೂ ಮನಸ್ಸು ಬಂದು ಮೇಲಿನಿಂದ ಸುರಿದಷ್ಟು ನೀರು. ಅದರಲ್ಲೇ ಒಲೆಗೆ, ಕುಡಿಯಲು. ಮುಖ ತೊಳೆದದ್ದು, ಪಾತ್ರೆ ತೊಳೆದದ್ದು ಗಡಿಗೆಗೆ. ನಡು ಮಧ್ಯಾಹ್ನದ ಬಿಸಿಲು ಬೀಳದಂತೆ ಬಣವೆಯ ನೆರಳಿಗೆ, ಬಾಗಿಲಿನಿಂದ ಹೊರಗಿನ ಕಟ್ಟೆಯವರೆಗೆ, ಸಣ್ಣಪ್ಪ ಹೇಳಿದಂತೆ ಮಣ್ಣು ತುಂಬಿದ ಗಡಿಗೆಗಳನ್ನು ಸಾಲಾಗಿ ಇಟ್ಟಳು. ಮೆಂತೆ ಮೊಳೆಯಿತು. ರಾಜಗಿರಿ ಎದ್ದಿತು.

ಆ ಸಾಲು ಕರೆವ್ವನಿಗೆ ಸಂಜೆಯ ದಾರಿಯೂ ಆಯಿತು. ಕಂಠ ಸವರುತ್ತ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದಳು: "ಇದು ಬಡಿಗೇರ ಮುದುಕಂದು. ಇದು ಶೆಟ್ಟರ ಸೊಸಿದು, ಬಾಯಿ ಒಡದೈತಿ." ದಿನಾ ಒಂದು ಹಿಡಿ ತಪ್ಪಲ ನುಚ್ಚಿನಲ್ಲಿ ಬೆಂದು ಅವಳ ಹೊಟ್ಟೆಗೆ ಹೋಗುತ್ತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕೂತವಳು ಒಮ್ಮೆಲೇ ಅಂದಳು: "ಆಯಿ, ಅಲ್ಲಿ ದೊಡ್ಡದ ಏನೋ ಕರ್ರಗ ಕಾಣತೈತಿ. ಬಣವಿ ಹೌದಲ್ಲ?"

ಗುಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಆ ವಾರ ಮುಗಿಯುವುದರೊಳಗೆ ಗೌಡರು ಬಂದರು. ಹಿಂದೆ ಆಳು ಗ್ಯಾನಪ್ಪ.

"ಏ ಗುಡ್ಡಿ, ಇದೇನ ಹಚ್ಚೀ ಇಲ್ಲಿ?"

"ಗಡಿಗ್ಯಾಗರೀ ಯಪ್ಪಾ. ನೆಲಾ ಮುಟ್ಟಿಲ್ರಿ."

"ಶಾಣ್ಯಾಕಿ ಅದಿ. ಗಡಿಗಿ ಯಾರದು?"

"ಒಗದದ್ದ ತಂದೇನ್ರಿ."

"ಮಣ್ಣು?"

ಗುಡ್ಡವ್ವ ಹತ್ತಿರದ ಗಡಿಗೆಯ ಕಂಠಕ್ಕೆ ಕೈ ಇಟ್ಟಳು.

"ಕೇಳಾಕತ್ತೇನಿ. ಮಣ್ಣ ಯಾರದು?"

"ನಿಮ್ಮದರೀ."

"ಹಾಂ. ಇವತ್ತ ಗಡಿಗ್ಯಾಗ ಮೆಂತೆ ಬೆಳಿತಿ, ನಾಳಿ ಈ ಹೊಲಾ ನಾ ಮಾಡೇನಿ ಅಂತಿ. ಮಧ್ಯಾಹ್ನ ಸರಕಾರದ ತಲಾಠಿ ಹೊಲಾ ಯಾರ ಮಾಡ್ಯಾರ ಅಂತ ಬರಕೊಳ್ಳಾಕ ಬರ್ತಾನ. ಅಷ್ಟರಾಗ ಎಲ್ಲಾ ಸುರುವು."

"ಕೂಸಿನ ಕಣ್ಣಿಗ್ರೀ ಯಪ್ಪಾ. ಈಗ ಈಗ ಕಾಣಾಕತ್ತೈತ್ರಿ. ಮಳಿ ಬೀಳೂತನಾ ಬಿಡ್ರಿ. ಇಲ್ಲಾಂದ್ರ ಗಡಿಗಿ ಹೊತಗೊಂಡ ಹಳ್ಳದ ದಂಡಿಗರೆ ಹೋಗ್ತೀನ್ರಿ."

"ಹೋಗು. ಗಡಿಗಿ ನಿಂದು, ಹೊತಗೊಂಡ ಹೋಗು. ಮಣ್ಣ ಬಿಟ್ಟ ಹೋಗು. ತಪ್ಪಲಾನೂ ಕಿತಗೊಂಡ ತಿನ್ನು, ನಾ ಬ್ಯಾಡಂದೇನೇನು? ಏ ಗ್ಯಾನ್ಯಾ, ನಾ ಏನ ರಾಕ್ಷಸ ಅದೇನೇನೊ?"

"ಛೇ, ಎಲ್ಲಿ ಮಾತ್ರಿ ಗೌಡ್ರ," ಎಂದ ಗ್ಯಾನಪ್ಪ, ನೆಲ ನೋಡುತ್ತ.

ಆ ಹೊಲದ ಮಣ್ಣು ಗಾಳಿ ಬೀಸಿದಾಗಲೆಲ್ಲ ಹಾರಿ ಬಂದು ಅವಳ ರೊಟ್ಟಿಯ ಮೇಲೆ ಬೀಳುತ್ತಿತ್ತು, ಹುಡುಗಿಯ ಕಣ್ಣಿನೊಳಗೆ ಬೀಳುತ್ತಿತ್ತು. ಅದನ್ನು ಗೌಡರು ಒಂದು ದಿನವೂ ತಿರುಗಿ ಕೇಳಿರಲಿಲ್ಲ.

ಗುಡ್ಡವ್ವ ತಪ್ಪಲ ಕಿತ್ತಳು. ಬೆರಳುದ್ದ ಬಾರದ ಸಸಿಗಳನ್ನೂ ಕಿತ್ತಳು. ಒಂದೊಂದೇ ಗಡಿಗೆಯನ್ನು ಬೋರಲು ಹಾಕಿದಳು. ಬೇರು ಹಿಡಿದಿದ್ದ ಮಣ್ಣು ಚೆಲ್ಲಲಿಲ್ಲ. ಗಡಿಗೆಯ ಆಕಾರದಲ್ಲೇ ನೆಲದ ಮೇಲೆ ಕೂತಿತು. ಗ್ಯಾನಪ್ಪ ಅದನ್ನು ಕಾಲಿನಿಂದ ಒತ್ತಿ ಹೊಲಕ್ಕೆ ಸಮ ಮಾಡಿದ. ಮಣ್ಣಿಲ್ಲದ ಗಡಿಗೆಗಳನ್ನು ಇಟ್ಟುಕೊಂಡು ಮಾಡುವುದೇನು? ಅವುಗಳನ್ನು ಹೊತ್ತು ತಂದಲ್ಲಿಗೇ ಒಯ್ದು, ಜಾಲಿಯ ಬುಡಕ್ಕೆ ಒಗೆದು ಬಂದಳು.

ತಲಾಠಿ ಬಂದ. ಬಣವೆಯ ನೆರಳಿನಲ್ಲಿ ಕೂತು ಗೌಡರ ಮನೆಯ ಮಜ್ಜಿಗೆ ಕುಡಿದ, ಮೀಸೆ ಒರೆಸಿಕೊಂಡು ಎದ್ದು ಹೋದ. ಗುಡಿಸಿಲ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟೂ ತಪ್ಪಲವನ್ನು ಒಂದೇ ಸಲ ಬೇಯಿಸಿದಳು. ಬುಟ್ಟಿ ತುಂಬಿದ್ದ ಹಸಿರು ಒಲೆಯ ಮೇಲೆ ಕುಗ್ಗಿ ಕುಗ್ಗಿ ಒಂದು ಮುಟಿಗೆಯಾಯಿತು. ಕರೆವ್ವ ಬಟ್ಟಲು ನೆಕ್ಕಿ ನೆಕ್ಕಿ ತಿಂದಳು.

"ಇವತ್ತ ಭಾಳ ತಿಂದೇನಲ್ಲ ಆಯಿ? ಇವತ್ತ ಬಣವಿ ಪೂರಾ ಕಾಣತೈತಿ, ನೋಡ ಬೇಕಾದ್ರ."

ದಿನಾ ಎಂದಿದ್ದರು ಡಾಕ್ಟರು. ಗುಡ್ಡವ್ವ ಬಟ್ಟಲು ತೊಳೆದಳು. ತೊಳೆದ ನೀರನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ದನಗಳು ತಿರುಗಿದವು. ಬಾಗಿಲಿಗೆ ಬಂದ ಹುಡುಗಿ ರೂಢಿಯಂತೆ ಕೈ ಚಾಚಿದಳು. ಬಡಿಗೇರ ಮುದುಕನ ಗಡಿಗೆ ಇದ್ದಲ್ಲಿ ಬರೀ ಗಾಳಿ. ಕೈ ಸ್ವಲ್ಪ ಹೊತ್ತು ಹಾಗೇ ಹುಡುಕಿತು. ಆಮೇಲೆ ಅದನ್ನು ಎದೆಗೆ ಮಡಚಿಕೊಂಡು, ಕಾಲಿನಿಂದ ನೆಲ ಸವರುತ್ತ ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಕಾಣತೈತಿ ಆಯಿ," ಎಂದಳು ಕರೆವ್ವ. "ಖರೇನ, ಬಣವಿ ಕಾಣತೈತಿ."

ಬಣವೆ ಅವಳ ಬೆನ್ನ ಹಿಂದಿತ್ತು.